‘ಇಷ್ಟ’ ಅಂತ ಹೇಳೋಕೆ ಹನ್ನೆರಡು ವಾರ ಬೇಕಾ?

ಓದುಗರ ಪ್ರಶ್ನೆ: ಸ್ಕೂಲ್ ರೊಮ್ಯಾನ್ಸ್ ಅನಿಮೆಗಳನ್ನು ವಾರ ವಾರ ತಪ್ಪದೆ ನೋಡುತ್ತೇನೆ. ಹುಡುಗ, ಹುಡುಗಿ ಇಬ್ಬರಿಗೂ ಮನಸ್ಸಿದೆ ಅಂತ ಮೊದಲ ಎಪಿಸೋಡಿನಲ್ಲೇ ಗೊತ್ತಾಗುತ್ತದೆ. ಆದರೂ ಬಾಯಿ ಬಿಡುವುದಿಲ್ಲ. ಏನೂ ನಡೆಯದೆ ಒಂದೊಂದೇ ವಾರ ಕಳೆದುಹೋಗುತ್ತದೆ. ಇಷ್ಟೊಂದು ಎಳೆಯುವುದು ಯಾಕೆ?

ಈ ಅನಿಮೆಗಳನ್ನು, ಅಂದರೆ ಜಪಾನಿನ ಆನಿಮೇಷನ್ ಸರಣಿಗಳನ್ನು, ನೋಡುವವರಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಮೊದಮೊದಲು ನಾನೂ ಕೇಳುತ್ತಿದ್ದೆ. ಈಗ ನನ್ನ ಉತ್ತರ ಇಷ್ಟು: ಏನೂ ನಡೆಯಲಿಲ್ಲ ಅನ್ನಿಸುವ ವಾರದಲ್ಲೇ ಎಷ್ಟೋ ಸಲ ದೊಡ್ಡದೊಂದು ನಡೆದುಹೋಗಿರುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ಕೂತರೆ ಅದು ಕೈಗೆ ಸಿಗುವುದಿಲ್ಲ. ಕಿವಿಗೊಟ್ಟರೆ ಸಿಗುತ್ತದೆ. ಅದರಲ್ಲೂ ಕನ್ನಡ ಮಾತಾಡಿ ಬೆಳೆದ ಕಿವಿಗೆ ಬೇಗ ಸಿಗುತ್ತದೆ.

ಎಲ್ಲರೂ ಕಾಯುವ ಆ ಒಂದು ಪದದಿಂದಲೇ ಶುರು ಮಾಡೋಣ. ಕೊನೆಗೂ ಬಾಯಿ ಬಿಟ್ಟಾಗ ಇವರು ಹೇಳುವುದು ‘ಸುಕಿ’. ಸಬ್‌ಟೈಟಲ್‌ನಲ್ಲಿ ಅದು ಒಮ್ಮೆ ‘ಐ ಲೈಕ್ ಯು’ ಆಗುತ್ತದೆ, ಇನ್ನೊಮ್ಮೆ ‘ಐ ಲವ್ ಯು’ ಆಗುತ್ತದೆ. ಒಂದು ತೀರಾ ತೆಳು, ಇನ್ನೊಂದು ತೀರಾ ಭಾರ. ನಮ್ಮ ‘ಇಷ್ಟ’ ಮಾತ್ರ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಮಾವಿನಹಣ್ಣು ಇಷ್ಟ, ಮಳೆ ಇಷ್ಟ, ನೀನು ಇಷ್ಟ. ಮೂರಕ್ಕೂ ಒಂದೇ ಪದ ಅಲ್ವಾ? ಜಪಾನಿಯಲ್ಲೂ ಹಾಗೇ. ಇನ್ನೂ ಒಂದು ವಿಷಯ. ಯಾರಿಗೆ, ಯಾರು ಅಂತ ಹೇಳದೆ ಬರೀ ‘ಸುಕಿ’ ಅಂದರೂ ಮಾತು ಪೂರ್ತಿಯಾಗುತ್ತದೆ. ಕನ್ನಡದಲ್ಲೂ ‘ಇಷ್ಟ’ ಅಂತಷ್ಟೇ ಹೇಳಿ ತಲೆ ತಗ್ಗಿಸಿಕೊಂಡು ನಿಂತುಬಿಡಬಹುದು. ಇಂಗ್ಲಿಷಿನಲ್ಲಿ ಆಗುವುದಿಲ್ಲ. ಅಲ್ಲಿ ‘ಐ’ಯೂ ಬೇಕು, ‘ಯು’ವೂ ಬೇಕು.

ಇದರಿಂದ ಒಂದು ವಿಚಿತ್ರ ತೊಂದರೆ ಹುಟ್ಟುತ್ತದೆ: ಹೇಳಿದರೂ ಹೇಳಿದ ಹಾಗಾಗುವುದಿಲ್ಲ. 2023ರ ಜನವರಿಯಲ್ಲಿ ಬಂದ ‘ಟೊಮೊ-ಚಾನ್ ಈಸ್ ಎ ಗರ್ಲ್!’ ಸರಣಿಯಲ್ಲಿ ಟೊಮೊ ಶುರುವಿನಲ್ಲೇ ಜುನ್‌ಗೆ ‘ಸುಕಿ’ ಅಂದುಬಿಡುತ್ತಾಳೆ. ಅವನು ಖುಷಿಯಿಂದ ‘ನಂಗೂ’ ಅನ್ನುತ್ತಾನೆ. ಗೆಳೆಯರು ಅನ್ನುವ ಅರ್ಥದಲ್ಲಿ! ಮುಂದಿನ ವಾರಗಳೆಲ್ಲ ಆ ಒಂದು ಪದದ ಎರಡು ಅರ್ಥಗಳ ನಡುವಿನ ದಾರಿ. 2014ರ ‘ಮಂತ್ಲಿ ಗರ್ಲ್ಸ್ ನೊಝಾಕಿ-ಕುನ್’ನಲ್ಲಿ ಸಕುರಾ ಚಿಯೊ ಇನ್ನೂ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾಳೆ. ತಾನು ಇಷ್ಟಪಟ್ಟ ನೊಝಾಕಿಯ ಎದುರು ನಿಂತಾಗ ಬಾಯಿ ತಡವರಿಸಿ ‘ನಾನು ನಿಮ್ಮ ಫ್ಯಾನ್’ ಅಂದುಬಿಡುತ್ತಾಳೆ. ನೊಝಾಕಿ ಗುಟ್ಟಾಗಿ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಬರೆಯುವವನು. ಹಾಗಾಗಿ ಆಟೋಗ್ರಾಫ್ ಹಾಕಿ ಕೊಡುತ್ತಾನೆ. ಎದೆ ಹೊಡೆದುಕೊಳ್ಳುವಾಗ ಬೇಕಾದ ಪದ ಬಿಟ್ಟು ಬೇರೇನೋ ಬಾಯಿಗೆ ಬರುವ ಆ ಗಳಿಗೆ ಇದೆಯಲ್ಲ, ಅದು ಅನುಭವಿಸಿದವರಿಗೇ ಗೊತ್ತು.

ಇನ್ನು ಹೇಳುವುದು ಅಲ್ಲಿ ಯಾಕೆ ಅಷ್ಟು ದೊಡ್ಡ ಕೆಲಸ? ಅದಕ್ಕೊಂದು ಹೆಸರೇ ಇದೆ: ‘ಕೊಕುಹಕು’. ಮನಸ್ಸಿನಲ್ಲಿರುವುದನ್ನು ಎದುರು ನಿಂತು ಹೇಳಿ, ‘ತ್ಸುಕಿಯತ್ತೆ ಕುದಸಾಯ್’, ಅಂದರೆ ನನ್ನ ಜೊತೆ ಜೋಡಿಯಾಗಿರಿ ಅಂತ ಕೇಳುವುದು. ಎದುರಿನವರು ಹೂಂ ಅಂದಮೇಲೆ ಇಬ್ಬರೂ ಜೋಡಿ ಅಂತ ಲೆಕ್ಕ. ಅದಕ್ಕೂ ಮೊದಲು ಎಷ್ಟು ಸಲ ಒಟ್ಟಿಗೆ ಸುತ್ತಾಡಿದ್ದರೂ, ಎಷ್ಟು ಸಲ ಒಂದೇ ಕೊಡೆಯಲ್ಲಿ ಮನೆಗೆ ಹೋಗಿದ್ದರೂ ಲೆಕ್ಕಕ್ಕಿಲ್ಲ. ಹೇಳಿದಮೇಲೆ ಉತ್ತರಕ್ಕೆ ಕಾಯಬೇಕು. ಬೇಡ ಅಂದರೆ ಮರುದಿನ ಬೆಳಿಗ್ಗೆ ಅದೇ ಕ್ಲಾಸಿಗೆ ಹೋಗಿ ಎರಡು ಬೆಂಚು ಆಚೆ ಕೂರಬೇಕು. ಅಲ್ಲಿ ಶಾಲೆ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಕ್ಲಾಸುಗಳನ್ನು ಕಲಸಿ ಹೊಸದಾಗಿ ಹಂಚುವವರೆಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಹದಿನಾರು ವರ್ಷದ ಹುಡುಗಿಗೆ ಅದು ಸಣ್ಣ ವಿಷಯವಲ್ಲ.

ಈ ಭಯ ನನಗೆ ಚೆನ್ನಾಗಿ ಅರ್ಥವಾಗಿದ್ದು ‘ತ್ಸುಕಿ ಗಾ ಕಿರೇಯ್’ ನೋಡಿದಾಗ. 2017ರ ಏಪ್ರಿಲ್‌ನಲ್ಲಿ ಶುರುವಾದ 12 ಎಪಿಸೋಡುಗಳ ಸರಣಿ. ನಡೆಯುವುದು ಟೋಕಿಯೊ ಪಕ್ಕದ ಸೈತಾಮಾ ಪ್ರಾಂತ್ಯದ ಕವಾಗೋಯೆ ಅನ್ನುವ ಹಳೇ ಊರಿನಲ್ಲಿ. ಕೊತಾರೊ ಕಾದಂಬರಿಕಾರನಾಗಬೇಕು ಅಂತ ಕನಸು ಕಾಣುವ ಮಾತು ಕಡಿಮೆಯ ಹುಡುಗ. ಅಕಾನೆ ಓಟಗಾರ್ತಿ. ಅವಳಿಂದ ಮೆಸೇಜ್ ಬಂದರೆ ಅವನು ಕುಣಿಯುವುದಿಲ್ಲ, ಕೂಗುವುದಿಲ್ಲ. ತನ್ನ ರೂಮಿನ ದೀಪದಿಂದ ಇಳಿಬಿದ್ದ ದಾರಕ್ಕೆ ಬಾಕ್ಸಿಂಗ್ ಮಾಡುವವರ ಹಾಗೆ ಗುದ್ದುತ್ತಾನೆ. ದಾರ ಅತ್ತ ಹೋಗುತ್ತದೆ, ಇತ್ತ ಬರುತ್ತದೆ, ಮತ್ತೆ ಗುದ್ದುತ್ತಾನೆ. ಅವಳು ಗಾಬರಿಯಾದಾಗಲೆಲ್ಲ ಬ್ಯಾಗಿನಲ್ಲಿರುವ ಗೆಣಸಿನ ಆಕಾರದ ಪುಟ್ಟ ಗೊಂಬೆಯನ್ನು ಹಿಸುಕುತ್ತಾಳೆ. ಕವಾಗೋಯೆ ಗೆಣಸಿಗೆ ಹೆಸರಾದ ಊರು, ಅದಕ್ಕೇ ಗೆಣಸು. ಈ ಎರಡು ದೃಶ್ಯಗಳಲ್ಲಿ ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಆದರೆ ಎಲ್ಲಾ ಗೊತ್ತಾಗುತ್ತದೆ.

ಈ ಸರಣಿಯಲ್ಲಿ ಕೊತಾರೊ ಮೂರನೇ ಎಪಿಸೋಡಿನಲ್ಲೇ ಕೇಳಿಬಿಡುತ್ತಾನೆ. ದೇವಸ್ಥಾನದ ಹತ್ತಿರ, ಚಂದ್ರನ ಕೆಳಗೆ. ಸರಣಿಯ ಹೆಸರಿನ ಅರ್ಥವೇ ‘ಚಂದ್ರ ಚೆಂದ’. ನತ್ಸುಮೆ ಸೊಸೆಕಿ ಎಂಬ ದೊಡ್ಡ ಲೇಖಕರು ಇಂಗ್ಲಿಷಿನ ಪ್ರೇಮದ ಮಾತನ್ನು ಹೀಗೆ ಅನುವಾದಿಸಿ ಅಂತ ಶಿಷ್ಯರಿಗೆ ಹೇಳಿದ್ದರಂತೆ ಅನ್ನುವ ಕಥೆಯಿಂದ ಬಂದ ಹೆಸರು. ಅವರು ನಿಜವಾಗಿ ಹಾಗೆ ಹೇಳಿದ್ದಕ್ಕೆ ದಾಖಲೆ ಇಲ್ಲ. ಆದರೂ ಜಪಾನಿನಲ್ಲಿ ಆ ಕಥೆ ಎಲ್ಲರ ಬಾಯಲ್ಲಿದೆ. ಸರಿ, ಮೂರನೇ ವಾರವೇ ಕೇಳಿಯಾಯಿತು, ಕಥೆ ಮುಗಿಯಿತಾ? ಇಲ್ಲ. ನಾಲ್ಕನೇ ವಾರ ಶಾಲೆಯ ಕ್ಯೋಟೊ ಪ್ರವಾಸ. ಟೀಚರ್ ಅವನ ಫೋನ್ ಕಿತ್ತುಕೊಳ್ಳುತ್ತಾರೆ. ಅವಳ ಮೆಸೇಜಿಗೆ ಉತ್ತರ ಹೋಗುವುದಿಲ್ಲ. ಅವಳು ಕಾಯುತ್ತಾಳೆ. ಆಮೇಲಿನ ವಾರಗಳಲ್ಲಿ ಇಬ್ಬರೂ ಕಲಿಯಬೇಕಾದ್ದು ಬೇಕಾದಷ್ಟಿದೆ: ಕ್ಲಾಸಿನವರಿಗೆ ಗೊತ್ತಾಗದ ಹಾಗೆ ಮಾತಾಡುವುದು ಎಲ್ಲಿ, ಕೈ ಹಿಡಿಯುವುದು ಯಾವಾಗ. ‘ಹೇಳುವುದೇ’ ಕಥೆಯ ಗುರಿ ಅಂತ ನೀವು ಅಂದುಕೊಂಡಿದ್ದರೆ ಇದೊಂದನ್ನು ನೋಡಿ.

ಈಗ ಕಿವಿಯ ವಿಷಯಕ್ಕೆ ಬರುತ್ತೇನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಜಪಾನಿನಲ್ಲಿ ಒಬ್ಬರನ್ನೊಬ್ಬರು ಮನೆತನದ ಹೆಸರಿನಿಂದ ಕರೆಯುತ್ತಾರೆ. ಕೊನೆಗೆ ‘ಸಾನ್’ ಸೇರಿಸುತ್ತಾರೆ. ಹುಡುಗರಿಗೆ ಸಾಮಾನ್ಯವಾಗಿ ‘ಕುನ್’, ಸಲಿಗೆ ಇರುವ ಹುಡುಗಿಯರಿಗೆ, ಮಕ್ಕಳಿಗೆ ‘ಚಾನ್’. ಇನ್ನೂ ಹತ್ತಿರವಾದರೆ ಅವರ ಸ್ವಂತ ಹೆಸರು. ಏನೂ ಸೇರಿಸದೆ ಬರೀ ಹೆಸರು ಕರೆಯುವುದಕ್ಕೆ ‘ಯೋಬಿಸುತೆ’ ಅನ್ನುತ್ತಾರೆ. ಅಷ್ಟು ಸಲಿಗೆ ಎಲ್ಲರಿಗೂ ಇರುವುದಿಲ್ಲ. ಈಗ ನಮ್ಮ ಕಾಲೇಜಿನ ಮೊದಲ ದಿನ ನೆನಪು ಮಾಡಿಕೊಳ್ಳಿ. ಪಕ್ಕದಲ್ಲಿ ಕೂತವರಿಗೆ ‘ನೀವು ಯಾವ ಊರು?’ ಅಂತ ಕೇಳಿರುತ್ತೇವೆ. ಒಂದು ತಿಂಗಳಿಗೆ ಅದು ‘ನೀನು’ ಆಗಿರುತ್ತದೆ. ‘ಬನ್ನಿ’ ಅನ್ನುತ್ತಿದ್ದವರು ‘ಬಾ’ ಅನ್ನುತ್ತಾರೆ. ಆಮೇಲೆ ‘ಬಾರೋ’, ‘ಬಾರೇ’. ಇಬ್ಬರ ನಡುವೆ ಮೊದಲು ಏಕವಚನಕ್ಕೆ ಇಳಿದವರು ಯಾರು, ಆಗ ಇನ್ನೊಬ್ಬರ ಮುಖ ಹೇಗಾಯಿತು ಅನ್ನುವುದು ಕೆಲವರ ವಿಷಯದಲ್ಲಿ ವರ್ಷಗಟ್ಟಲೆ ನೆನಪಿರುತ್ತದೆ. ಇಷ್ಟಪಟ್ಟವರು ಒಂದು ದಿನ ಸಿಟ್ಟಿನಲ್ಲಿ ಮತ್ತೆ ‘ನೀವು’ ಅಂದರೆ ಎದೆ ಧಸಕ್ ಅನ್ನುತ್ತದೆ. ಇಂಗ್ಲಿಷಿನ ಒಂದೇ ಒಂದು ‘ಯು’ನಲ್ಲಿ ಇದೆಲ್ಲ ಅಳಿಸಿಹೋಗುತ್ತದೆ. ಎಷ್ಟೋ ಸಬ್‌ಟೈಟಲ್‌ಗಳಲ್ಲಿ ಹುಡುಗ ಮನೆತನದ ಹೆಸರು ಕರೆದಿದ್ದರೂ ಕೆಳಗೆ ಸ್ವಂತ ಹೆಸರೇ ಬರುತ್ತದೆ. ಅಂಥ ಕಡೆ ನಿಜವಾಗಿ ಹೆಸರು ಬದಲಾದ ವಾರ ನೋಡುವವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಏನೂ ನಡೆಯಲಿಲ್ಲ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

2025ರ ಜುಲೈನಲ್ಲಿ ಬಂದ ‘ದಿ ಫ್ರೇಗ್ರಂಟ್ ಫ್ಲವರ್ ಬ್ಲೂಮ್ಸ್ ವಿತ್ ಡಿಗ್ನಿಟಿ’ಯಲ್ಲಿ ಅಕ್ಕಪಕ್ಕದ ಎರಡು ಶಾಲೆಗಳಿಗೆ ಒಂದಕ್ಕೊಂದು ಆಗಿಬರುವುದಿಲ್ಲ. ರಿಂತಾರೊನ ಮನೆಯವರ ಕೇಕ್ ಅಂಗಡಿಗೆ ಬರುವ ಕಾಓರುಕೊ ಅವನನ್ನು ‘ರಿಂತಾರೊ-ಕುನ್’ ಅಂತ ಕರೆಯುತ್ತಾಳೆ. ಅವನಿಗೆ ಅವಳು ‘ವಾಗುರಿ-ಸಾನ್’, ವಾಗುರಿ ಅವಳ ಮನೆತನದ ಹೆಸರು. ಅವಳು ಒಂದು ಮೆಟ್ಟಿಲು ಹತ್ತಿರ ಬಂದು ನಿಂತಿದ್ದಾಳೆ, ಅವನು ಗೌರವದಿಂದ ಒಂದು ಮೆಟ್ಟಿಲು ದೂರ ನಿಂತಿದ್ದಾನೆ. ಯಾರಿಗೆ ಧೈರ್ಯ ಜಾಸ್ತಿ ಅಂತ ತಿಳಿಯಲು ಬೇರೇನೂ ಬೇಡ, ಇವೆರಡು ಹೆಸರು ಸಾಕು.

ಹಾಗಂತ ಎಳೆತವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ‘ಸುಕಿ’ ಅನ್ನುವ ಹೊತ್ತಿಗೆ ಸರಿಯಾಗಿ ಪಟಾಕಿ ಸಿಡಿಯುವುದು, ರೈಲು ಹಾದುಹೋಗುವುದು, ಗೆಳೆಯ ಬಾಗಿಲು ತೆಗೆಯುವುದು ನನಗಂತೂ ಸಾಕಾಗಿದೆ. ಅದರ ಹಿಂದೆ ವ್ಯಾಪಾರದ ಕಾರಣವೂ ಇದೆ. ಅಲ್ಲಿ ಟಿವಿ ವರ್ಷವನ್ನು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಅಂತ ನಾಲ್ಕು ಭಾಗ ಮಾಡುತ್ತಾರೆ. ಒಂದು ಭಾಗದಲ್ಲಿ ಸುಮಾರು 11ರಿಂದ 13 ಎಪಿಸೋಡ್ ಹಿಡಿಸುತ್ತದೆ. ಹೆಚ್ಚಿನ ಕಥೆಗಳು ಇನ್ನೂ ಮುಗಿಯದ ಮಾಂಗಾ ಅಥವಾ ಹದಿಹರೆಯದವರ ಚಿಕ್ಕ ಕಾದಂಬರಿಗಳಾದ ಲೈಟ್ ನಾವೆಲ್‌ನಿಂದ ಬಂದವು. ದುಡ್ಡು ಹಾಕುವವರಲ್ಲಿ ಪುಸ್ತಕದ ಪ್ರಕಾಶಕರೂ ಇರುತ್ತಾರೆ, ನೋಡಿದವರು ಮುಂದಿನ ಕಥೆಗೆ ಪುಸ್ತಕ ಕೊಳ್ಳಲಿ ಅನ್ನುವುದು ಅವರ ಆಸೆ. ‘ಕಿಮಿ ನಿ ತೊದೊಕೆ’ 2009ರ ಅಕ್ಟೋಬರ್‌ನಲ್ಲಿ ಶುರುವಾಯಿತು. 25 ವಾರ ನಡೆದು ಹೊಸ ವರ್ಷದ ದೇವಸ್ಥಾನದ ಭೇಟಿಗೆ ಬಂದು ನಿಂತಿತು. ಸವಾಕೊ, ಕಝೆಹಾಯಾ ಇಬ್ಬರೂ ಮನಸ್ಸು ಬಿಚ್ಚಿ ಹೇಳಿದ್ದು 2011ರ ಎರಡನೇ ಸೀಸನ್‌ನಲ್ಲಿ. ಮೂರನೆಯದು ಬಂದಿದ್ದು 2024ರಲ್ಲಿ. ನಡುವೆ 13 ವರ್ಷ! ‘ತ್ಸುಕಿ ಗಾ ಕಿರೇಯ್’ 12 ವಾರದಲ್ಲಿ ಕಥೆ ಪೂರ್ತಿ ಮುಗಿಸಿದ್ದು ಅದಕ್ಕೆ ಹಿಂದೆ ಯಾವ ಪುಸ್ತಕವೂ ಇರಲಿಲ್ಲ ಅನ್ನುವ ಕಾರಣಕ್ಕೆ. ‘ಹೊರಿಮಿಯಾ’ 2021ರಲ್ಲಿ ಬೇರೆ ದಾರಿ ಹಿಡಿಯಿತು. ಇಬ್ಬರನ್ನೂ ಬೇಗ ಜೋಡಿ ಮಾಡಿ, ಇಡೀ ಮಾಂಗಾವನ್ನು 13 ಎಪಿಸೋಡಿಗೆ ತುರುಕಿತು. ಬಿಟ್ಟುಹೋದದ್ದನ್ನು ಹೇಳಲು 2023ರಲ್ಲಿ ಇನ್ನೊಂದು ಸರಣಿಯೇ ಬೇಕಾಯಿತು. ಓಡಿದರೂ ಕಷ್ಟವೇ.

ನಿಮಗೆ ನಾನು ಹೇಳುವುದು ಒಂದೇ. ಈ ವಾರದ ಎಪಿಸೋಡನ್ನು ಎಂದಿನಂತೆ ನೋಡಿ. ಆಮೇಲೆ ಇಬ್ಬರೇ ಇರುವ ಒಂದು ದೃಶ್ಯವನ್ನು, ಎರಡು ನಿಮಿಷ ಸಾಕು, ಸಬ್‌ಟೈಟಲ್ ಇಲ್ಲದೆ ಮತ್ತೊಮ್ಮೆ ನೋಡಿ. ಅರ್ಥ ಆಗದಿದ್ದರೂ ಪರವಾಗಿಲ್ಲ. ಒಬ್ಬರು ಇನ್ನೊಬ್ಬರನ್ನು ಏನಂತ ಕರೆಯುತ್ತಾರೆ ಅಂತಷ್ಟೇ ಕೇಳಿಸಿಕೊಳ್ಳಿ.

ನನ್ನ ತಂಗಿಗೆ ಇದನ್ನೇ ಹೇಳಿ ‘ತೊರಾದೊರಾ!’ ತೋರಿಸಿದೆ. 2008ರ ಅಕ್ಟೋಬರ್‌ನಿಂದ ಮುಂದಿನ ಮಾರ್ಚ್‌ವರೆಗೆ ಬಂದ 25 ಎಪಿಸೋಡುಗಳ ಸರಣಿ. ರ‍್ಯೂಜಿಗೆ ಮಿನೋರಿ ಮೇಲೆ ಮನಸ್ಸು. ತೈಗಾಗೆ ಅವನ ಗೆಳೆಯನ ಮೇಲೆ ಮನಸ್ಸು. ಒಬ್ಬರಿಗೊಬ್ಬರು ಸಹಾಯ ಮಾಡಿಕೊಳ್ಳೋಣ ಅಂತ ಇಬ್ಬರ ನಡುವೆ ಒಪ್ಪಂದ. ಮಿನೋರಿ ಅವನ ಬಾಯಲ್ಲಿ ಯಾವಾಗಲೂ ‘ಕುಶಿಯೆದಾ’, ಅದು ಅವಳ ಮನೆತನದ ಹೆಸರು. ಅವಳಿಗೆ ಅವನು ‘ತಕಾಸು-ಕುನ್’. ತೈಗಾಳನ್ನೂ ಅವನು ಮೊದಲು ಮನೆತನದ ಹೆಸರು ಹಿಡಿದು ‘ಐಸಾಕಾ’ ಅಂತಲೇ ಕರೆಯುತ್ತಾನೆ. ಎರಡನೇ ಎಪಿಸೋಡಿನ ಒಂದು ರಾತ್ರಿ ತೈಗಾ ಮನಸ್ಸಿನ ಸಿಟ್ಟನ್ನೆಲ್ಲ ರಸ್ತೆಬದಿಯ ಕರೆಂಟ್ ಕಂಬದ ಮೇಲೆ ತೀರಿಸಿಕೊಳ್ಳುತ್ತಾಳೆ. ಒದೆಯುತ್ತಾಳೆ, ಕೂಗುತ್ತಾಳೆ, ಮತ್ತೆ ಒದೆಯುತ್ತಾಳೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತ ರ‍್ಯೂಜಿ ತಾನೂ ಬಂದು ಅದೇ ಕಂಬಕ್ಕೆ ಒದೆಯುತ್ತಾನೆ. ಆ ದೃಶ್ಯಕ್ಕೆ ತಂಗಿ ನಕ್ಕಳು. ಎಪಿಸೋಡ್ ಮುಗಿಯುತ್ತಾ ಬಂತು. ಹುಲಿಯ ಪಕ್ಕ ಸರಿಸಮನಾಗಿ ನಿಲ್ಲುವುದು ಡ್ರ್ಯಾಗನ್ ಅಂತ ರ‍್ಯೂಜಿ ತಮ್ಮಿಬ್ಬರ ಹೆಸರಿನ ಅರ್ಥ ಹಿಡಿದು ಹೇಳಿದ. ಆಮೇಲೆ ಅವಳನ್ನು ಒಮ್ಮೆ ಕರೆದ.

ತಂಗಿ ನಗು ನಿಲ್ಲಿಸಿದಳು. ರಿಮೋಟ್ ಎತ್ತಿಕೊಂಡು ಹತ್ತು ಸೆಕೆಂಡ್ ಹಿಂದೆ ಹಾಕಿ ಮತ್ತೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಕ್ಕಾ, ಈಗ ಐಸಾಕಾ ಅನ್ನಲಿಲ್ಲ ಅಲ್ವಾ?”