ಕೊರಿಯಾದ ಬೆಟ್ಟಸಾಲಿಗೆ ಎರಡು ಮ್ಯಾಪ್ ಯಾಕೆ?

ನಾಡಿನ ದೊಡ್ಡ ಬೆಟ್ಟಸಾಲಿನ ಹೆಸರೇನು ಅಂತ ಕೊರಿಯಾದಲ್ಲಿ ಟ್ರೆಕ್ಕಿಂಗ್ ಹೋಗೋರನ್ನ ಕೇಳಿದ್ರೆ ಬೆಕ್ದುದೇಗಾನ್ ಅಂತಾರೆ, ಅವರಪ್ಪ ಅಮ್ಮ ಶಾಲೇಲಿ ಬಾಯಿಪಾಠ ಮಾಡಿದ್ದು ತೇಬೆಕ್ ಶ್ರೇಣಿ, ಸೋಬೆಕ್ ಶ್ರೇಣಿ. ಎರಡರಲ್ಲಿ ಯಾವ್ದು ಸರಿ ಅಂತ ಕೇಳಿದ್ರೆ ಒಬ್ರು ವಿಜ್ಞಾನ ಅಂತಾರೆ, ಇನ್ನೊಬ್ರು ದೇಶಾಭಿಮಾನ ಅಂತಾರೆ, ಮಾತು ಬೆಟ್ಟ ಬಿಟ್ಟು ಎಲ್ಲೆಲ್ಲಿಗೋ ಹೋಗತ್ತೆ. ಅದಕ್ಕೆ ಮೊದಲಿಂದ ನೋಡೋದು ಒಳ್ಳೇದು.

ಕೊರಿಯಾದ ಹಳೇ ರಾಜಮನೆತನ ಜೋಸನ್, ಅದರ ಕಾಲದವರ ಲೆಕ್ಕ ನೀರಿಂದ ಶುರುವಾಗತ್ತೆ. ಬೆಟ್ಟಸಾಲು ನದಿ ದಾಟಲ್ಲ, ನದಿ ಬೆಟ್ಟಸಾಲು ದಾಟಲ್ಲ, ಅಷ್ಟೇ ನಿಯಮ. ಈ ಲೆಕ್ಕದಲ್ಲಿ ಉತ್ತರದ ಬೆಕ್ದುಸಾನ್‌ನಿಂದ ದಕ್ಷಿಣದ ಜಿರಿಸಾನ್‌ವರೆಗೆ ಸುಮಾರು 1,400 ಕಿ.ಮೀ. ಒಂದೇ ಸಾಲು, ಒಂದು ಹಳ್ಳಾನೂ ದಾಟದೆ ನೆತ್ತಿ ಮೇಲೇ ನಡೀಬಹುದು. ಅದೇ ಬೆಕ್ದುದೇಗಾನ್. 18ನೇ ಶತಮಾನದ ವಿದ್ವಾಂಸ ಶಿನ್ ಗ್ಯೋಂಗ್‌ಜುನ್ ಹೆಸರಲ್ಲಿ ಬಂದಿರೋ 'ಸಾನ್‌ಗ್ಯೋಂಗ್‌ಪ್ಯೋ' ಅನ್ನೋ ಪುಸ್ತಕ ಇಡೀ ನಾಡಿನ ಬೆಟ್ಟಗಳನ್ನ ವಂಶಾವಳಿ ಥರ ಬರೆದಿಡತ್ತೆ, ಒಂದು ಮುಖ್ಯ ಸಾಲು, ಅದರಿಂದ ಕವಲೊಡೆದ 14 ಸಾಲು. ತೇಬೆಕ್ ಊರಿನ ಹತ್ರ ಸಾಮ್ಸುರ್ಯೋಂಗ್ ಅಂತ ಒಂದು ಕಣಿವೆದಾರಿ ಇದೆ, ಅಲ್ಲಿ ಬಿದ್ದ ಮಳೆ ಪಶ್ಚಿಮಕ್ಕೆ ಇಳಿದ್ರೆ ಹಾನ್ ನದಿ ಸೇರಿ ಸೋಲ್ ಕಡೆ ಹೋಗತ್ತೆ, ದಕ್ಷಿಣಕ್ಕೆ ಇಳಿದ್ರೆ ನಾಕ್ದೋಂಗ್ ನದಿ ಸೇರಿ ಬುಸಾನ್ ಕಡೆ, ಪೂರ್ವಕ್ಕೆ ಇಳಿದ್ರೆ ಓಸಿಪ್ಚೋನ್ ಹೊಳೆ ಸೇರಿ ಸೀದಾ ಪೂರ್ವ ಸಮುದ್ರಕ್ಕೆ. ಅಲ್ಲಿ ನಿಂತವರಿಗೆ ಈ ಪದ್ಧತಿ ಬಿಡಿಸಿ ಹೇಳೋದೇ ಬೇಡ.

ಇದೇ ಶಿನ್ 1770ರಲ್ಲಿ ರಸ್ತೆಗಳ ಬಗ್ಗೆನೂ 'ದೋರೋಗೋ' ಅಂತ ಪುಸ್ತಕ ಬರೆದ, ಸೋಲ್‌ನಿಂದ ಹೊರಡೋ ಆರು ಹೆದ್ದಾರಿಗಳ ಲೆಕ್ಕ ಅದ್ರಲ್ಲಿದೆ. ಬೆಟ್ಟ ಮತ್ತೆ ರಸ್ತೆ ಎರಡನ್ನೂ ಒಬ್ಬನೇ ಬರೆದಿದ್ದು ಸುಮ್ನೆ ಅಲ್ಲ, ಯಾಕಂದ್ರೆ ಬೆಟ್ಟಸಾಲನ್ನ ರಸ್ತೆ ಎಲ್ಲಿ ದಾಟತ್ತೆ ಅನ್ನೋದ್ರ ಮೇಲೇ ಊರು, ಸಂತೆ, ಯುದ್ಧ ಎಲ್ಲಾ ನಿಂತಿತ್ತು. ಸೋಲ್‌ನಿಂದ ಬುಸಾನ್ ಕಡೆ ಹೋಗೋ ದಾರಿ ಮುನ್‌ಗ್ಯೋಂಗ್ ಸೇಜೇ ಅನ್ನೋ ಘಾಟಿಯಲ್ಲಿ, 642 ಮೀಟರ್ ಎತ್ತರದಲ್ಲಿ, ಬೆಕ್ದುದೇಗಾನ್ ದಾಟತ್ತೆ. 1592ರಲ್ಲಿ ಜಪಾನಿ ಸೈನ್ಯ ಬಂದಾಗ ಈ ಘಾಟಿಯಲ್ಲಿ ತಡೆಯೋರೇ ಇರ್ಲಿಲ್ಲ, ಜೋಸನ್ ಸೈನ್ಯ ಘಾಟಿಯಿಂದ ಹಿಂದಿದ್ದ ಚುಂಗ್ಜು ಹತ್ರ ನದಿ ದಂಡೇಲಿ ಕಾದಾಡಿ ಸೋತೋಯ್ತು. ಆಮೇಲೆ ಇಲ್ಲಿ ಮೂರು ಕಲ್ಲಿನ ಹೆಬ್ಬಾಗಿಲು ಎದ್ವು. ಇವತ್ತಿಗೂ ಅದು ಮಣ್ಣಿನ ದಾರಿನೇ, ಸರ್ಕಾರಿ ಹುದ್ದೆ ಪರೀಕ್ಷೆಗೆ ಹೋಗೋರು, ವ್ಯಾಪಾರಿಗಳು ತಂಗ್ತಿದ್ದ ಸರ್ಕಾರಿ ಛತ್ರದ ಜಾಗ ಕಾಣತ್ತೆ, ದಾರಿ ಪಕ್ಕ ಕಾಡಿಗೆ ಬೆಂಕಿ ಬೀಳದಂಗೆ ಹುಷಾರು ಅಂತ ಕೊರಿಯನ್ನರದೇ ಆದ ಹಂಗುಲ್ ಲಿಪಿಯಲ್ಲಿ, ಹಳೇ ಶೈಲಿಯಲ್ಲಿ ಕೆತ್ತಿದ ಕಲ್ಲು ನಿಂತಿದೆ. ಚೈನೀಸ್ ಓದಕ್ಕೆ ಬರದ ಜನರೂ ಈ ದಾರೀಲಿ ಓಡಾಡ್ತಿದ್ರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

1861ರಲ್ಲಿ ಕಿಮ್ ಜೋಂಗ್‌ಹೋ ಇದನ್ನೆಲ್ಲಾ 'ದೇದೋಂಗ್ ಯೋಜಿದೋ' ಅನ್ನೋ ಒಂದೇ ಮ್ಯಾಪಿಗೆ ತಂದ. ಮರದ ಅಚ್ಚಲ್ಲಿ ಒತ್ತಿದ 22 ಪಟ್ಟಿ, ಎಲ್ಲಾ ಜೋಡಿಸಿದ್ರೆ 6 ಮೀಟರ್‌ಗಿಂತ ಉದ್ದ. ಬೆಟ್ಟಗಳು ದಪ್ಪ ಗೆರೆಯಲ್ಲಿ ಒಂದಕ್ಕೊಂದು ಅಂಟ್ಕೊಂಡು ಹೋಗತ್ವೆ, ದೋಣಿ ಹೋಗೋ ನದಿಗೆ ಜೋಡಿ ಗೆರೆ, ಹೋಗದ ನದಿಗೆ ಒಂಟಿ ಗೆರೆ, ರಸ್ತೆ ಮೇಲೆ ಪ್ರತಿ 10 ರಿ (ಸುಮಾರು 4 ಕಿ.ಮೀ.) ದೂರಕ್ಕೆ ಒಂದು ಗುರುತು. ನಡೆಯೋನಿಗೆ ಬೇಕಾದ್ದೆಲ್ಲಾ ಇದೆ.

ಆಮೇಲೆ ಪ್ರಶ್ನೆನೇ ಬದಲಾಯ್ತು. ಜಪಾನಿನ ಭೂವಿಜ್ಞಾನಿ ಕೋಟೋ ಬುಂಜಿರೋ 1900ರಿಂದ 1902ರ ನಡುವೆ ಸುತ್ತಾಡಿ 1903ರಲ್ಲಿ ಕೊರಿಯಾದ ಬೆಟ್ಟಗಳ ಬಗ್ಗೆ ಬರೆದ. ಅವನಿಗೆ ಬೇಕಿದ್ದಿದ್ದು ನೆಲದಡಿಯ ಬಂಡೆ ಯಾವ ದಿಕ್ಕಿಗೆ ಮಡಚಿದೆ ಅನ್ನೋದು. ಆ ಲೆಕ್ಕದ ಶ್ರೇಣಿ ನದಿ ದಾಟ್ಕೊಂಡೂ ಹೋಗತ್ತೆ, ಚಾರ್ಯೋಂಗ್ ಶ್ರೇಣಿ ಹಾನ್ ನದಿಯ ದಕ್ಷಿಣ ಕವಲನ್ನ ಹಾಗೇ ದಾಟತ್ತೆ. ಬಂಡೆ ಓದೋಕೆ ಅದು ತಪ್ಪಲ್ಲ. ಆದ್ರೆ ಜಪಾನಿನ ವಸಾಹತು ಕಾಲದಲ್ಲಿ, ಸ್ವಾತಂತ್ರ್ಯ ಬಂದ್ಮೇಲೂ, ದಶಕಗಟ್ಲೆ ಪಾಠದಲ್ಲಿ ಉಳಿದಿದ್ದು ತೇಬೆಕ್, ಸೋಬೆಕ್ ಶ್ರೇಣಿ ಇರೋ ಆ ಥರದ ಮ್ಯಾಪೊಂದೇ. ಅಷ್ಟರಲ್ಲಿ 1905ರ ಸೋಲ್–ಬುಸಾನ್ ರೈಲು ಇನ್ನೂ ತಗ್ಗಾಗಿದ್ದ ಚುಪುಂಗ್ನ್ಯೋಂಗ್ ಘಾಟಿ ಮೇಲೆ ಹೋಯ್ತು, ಸೇಜೇ ದಾರಿ ಖಾಲಿಯಾಯ್ತು.

1980ರಲ್ಲಿ ಮ್ಯಾಪ್ ಮಾಡ್ತಿದ್ದ ಇ ಉಹ್ಯೋಂಗ್ ಅನ್ನೋರಿಗೆ ಸೋಲ್‌ನ ಹಳೇ ಪುಸ್ತಕದಂಗಡಿಯಲ್ಲಿ ಸಾನ್‌ಗ್ಯೋಂಗ್‌ಪ್ಯೋ ಸಿಕ್ತು, ಅಲ್ಲಿಂದ ಅದು ಚಾರಣಿಗರ ಬಾಯಿಗೆ, ಆಮೇಲೆ ಕಾನೂನಿಗೂ ಬಂತು. 2003ರಲ್ಲಿ ಬೆಕ್ದುದೇಗಾನ್ ರಕ್ಷಣೆಗೆ ಕಾಯ್ದೆ, 2005ರಲ್ಲಿ ಜಾರಿ. ಅದೇ 2005ರಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು ಸ್ಯಾಟಲೈಟ್ ಮಾಹಿತಿ ಇಟ್ಕೊಂಡು ಹೊಸ ಬೆಟ್ಟಸಾಲಿನ ಮ್ಯಾಪ್ ಮಾಡಿ ಅದು ಜೋಸನ್ ಕಾಲದ ಹಳೇ ಮ್ಯಾಪಿಗೇ ಹತ್ರ ಇದೆ ಅಂತು, ಭೂಗೋಳದ ಪ್ರೊಫೆಸರ್‌ಗಳು ನೆತ್ತಿಗೆರೆ ಬೇರೆ, ಪರ್ವತಶ್ರೇಣಿ ಬೇರೆ ಅಂತ ಆಕ್ಷೇಪ ಎತ್ತಿದ್ರು. ನಂಗನ್ಸೋ ಪ್ರಕಾರ ಆ ಆಕ್ಷೇಪ ನ್ಯಾಯವಾದ್ದೇ, ಆದ್ರೆ ನೀರು, ಕಾಡು, ರಸ್ತೆ ಬಗ್ಗೆ ತೀರ್ಮಾನ ಮಾಡ್ಬೇಕಾದ್ರೆ ನೆತ್ತಿಗೆರೆನೇ ಮುಂದೆ ಇರ್ಬೇಕು.

ಯಾಕಂದ್ರೆ ಪೆಟ್ಟು ಬೀಳ್ತಿರೋದು ಅಲ್ಲೇ. 1925ರಲ್ಲಿ ರಸ್ತೆಗೋಸ್ಕರ ಕತ್ತರಿಸಿದ್ದ, ಈ ಸಾಲಿನಲ್ಲೇ ಇರೋ ಇಹ್ವಾರ್ಯೋಂಗ್ ಘಾಟಿಯ ನೆತ್ತಿಯನ್ನ 2012ರಲ್ಲಿ ಸುರಂಗ ಕಟ್ಟಿ ಮೇಲೆ ಮಣ್ಣು ಹಾಕಿ ಮತ್ತೆ ಸೇರಿಸಿದ್ರು, ಪ್ರಾಣಿಗಳು ಈಗ ಅದರ ಮೇಲೇ ದಾಟಬಹುದು. ಜಾಬ್ಯೋಂಗ್ಸಾನ್ ಕಥೆ ಬೇರೆ, ಅದೂ ಇದೇ ಸಾಲಿನ ಬೆಟ್ಟ, ಸಿಮೆಂಟಿಗೆ ಸುಣ್ಣಕಲ್ಲು ತೆಗ್ದೂ ತೆಗ್ದೂ ಶಿಖರಾನೇ ಹೋಗಿದೆ, ಅದನ್ನ ಮಣ್ಣು ಹಾಕಿ ವಾಪಸ್ ತರೋಕಾಗಲ್ಲ.