ಗಲಾಟೆಗೆ ಸಂಬಳ ಕೊಡುತ್ತಿರುವವರು ಯಾರು?

ಸಿಆರ್‌ಪಿ (ಸುತ್ತಲಿನ ಒಂದಷ್ಟು ಶಾಲೆಗಳಿಗೆ ಹೋಗಿ ಟೀಚರ್‌ಗಳಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ) ಆಗಿದ್ದಾಗ ನನಗೊಂದು ಅಭ್ಯಾಸವಿತ್ತು. ಯಾವ ಶಾಲೆಗೆ ಹೋದರೂ ಕೊನೇ ಬೆಂಚಿನಲ್ಲಿ ಕೂತು, ಟೀಚರ್ ಬಾಯಲ್ಲಿ ಯಾವ ಮಗುವಿನ ಹೆಸರು ಎಷ್ಟು ಸಲ ಬರುತ್ತದೆ ಅಂತ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗೀಟು ಹಾಕುತ್ತಿದ್ದೆ. ಅವತ್ತು ಐದನೇ ತರಗತಿ, ಗಣಿತದ ಪೀರಿಯಡ್. 40 ನಿಮಿಷದಲ್ಲಿ ಒಬ್ಬ ಹುಡುಗನ ಹೆಸರು 11 ಸಲ ಬಂತು. "ಏಯ್, ಕೂತ್ಕೊಳೋ", "ನಿಂದೇನೋ ಅಲ್ಲಿ", "ಇನ್ನೊಂದ್ ಸಲ ತಿರುಗಿದ್ರೆ ನೋಡು". ಕಿಟಕಿ ಪಕ್ಕದ ಹುಡುಗಿಯೊಬ್ಬಳು ಲೆಕ್ಕ ಎಲ್ಲ ಮುಗಿಸಿ, ಎರಡು ಸಲ ಕೈ ಎತ್ತಿ, ಯಾರೂ ನೋಡದೆ ಇದ್ದಾಗ ತಾನೇ ಇಳಿಸಿಕೊಂಡಳು. ಅವಳ ಹೆಸರು ಒಂದು ಸಲವೂ ಬರಲಿಲ್ಲ. ಅವಳ ಹೆಸರೇನು ಅಂತ ಗೊತ್ತಾಗದೇ ನಾನು ಎದ್ದುಬಂದೆ.

ಆ ಟೀಚರ್ ಒಳ್ಳೆಯ ಟೀಚರೇ. ಪಾಠವೂ ಚೆನ್ನಾಗಿತ್ತು. ಆದರೆ ಆ ತರಗತಿಯಲ್ಲಿ ಟೀಚರ್ ಗಮನ ಅನ್ನೋದು ಸಂಬಳ ಅಂತ ಇಟ್ಟುಕೊಂಡರೆ, ಅಷ್ಟೂ ಸಂಬಳ ಗಲಾಟೆಯ ಖಾತೆಗೆ ಹೋಗುತ್ತಿತ್ತು. ಅಳದಿದ್ದರೆ ತಾಯಿಯೂ ಹಾಲು ಕೊಡಲ್ಲ ಅನ್ನೋ ಮಾತಿದೆಯಲ್ಲ, ಮಕ್ಕಳು ಅದನ್ನು ನಮಗಿಂತ ಮೊದಲೇ ಕಲಿತಿರುತ್ತಾರೆ.

ಡಿ.ಎಡ್., ಬಿ.ಎಡ್. ಮಾಡಿದವರೆಲ್ಲ ಪುನರ್ಬಲನ ಅನ್ನೋ ಪದ ಓದಿಯೇ ಇರುತ್ತೀರಿ. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್, ಇಲಿ, ಪೆಟ್ಟಿಗೆ, ಸನ್ನೆಕೋಲು ಒತ್ತಿದರೆ ಕಾಳು, ಪರೀಕ್ಷೆಗೆ ಐದು ಅಂಕ, ಮುಗೀತು. ಆದರೆ ಅದರ ತಿರುಳು ಪೆಟ್ಟಿಗೆಯಲ್ಲಿಲ್ಲ. ಒಂದು ವರ್ತನೆಯ ಹಿಂದೆಯೇ ಏನೋ ಸಿಗುತ್ತದೆ, ಆಮೇಲೆ ಆ ವರ್ತನೆ ಜಾಸ್ತಿಯಾಗುತ್ತದೆ, ಹಾಗಿದ್ದರೆ ಮಾತ್ರ ಸಿಕ್ಕಿದ್ದು ಪುನರ್ಬಲನ. ಕೊಟ್ಟವರ ಉದ್ದೇಶ ಏನಿತ್ತು ಅನ್ನೋದು ಲೆಕ್ಕಕ್ಕೇ ಇಲ್ಲ. ನೀವು ಬೈದಿರಿ, ಅದು ಶಿಕ್ಷೆ ಅಂತ ನೀವು ಅಂದುಕೊಂಡಿರಿ. ಮುಂದಿನ ವಾರ ಅವನು ಇನ್ನೂ ಜಾಸ್ತಿ ಎದ್ದು ಓಡಾಡಿದರೆ, ಸ್ವಾಮಿ, ನೀವು ಕೊಟ್ಟಿದ್ದು ಬಹುಮಾನ.

ಇದು ನನ್ನ ಊಹೆಯಲ್ಲ. ಚಾರ್ಲ್ಸ್ ಮ್ಯಾಡ್ಸನ್, ವೆಸ್ಲಿ ಬೆಕರ್ ಮತ್ತವರ ಜೊತೆಗಾರರು 1968ರಲ್ಲಿ ಅಮೆರಿಕದ ಒಂದನೇ ತರಗತಿಯೊಂದರ ಅಧ್ಯಯನ ಪ್ರಕಟಿಸಿದರು. ಅಲ್ಲಿನ ಟೀಚರ್‌ಗಳಿಗೆ "ಕೂತ್ಕೊಳ್ಳಿ" ಅನ್ನೋದನ್ನು ಬೇಕಂತಲೇ ಜಾಸ್ತಿ ಮಾಡಲು ಹೇಳಿದರು. ಹೇಳಿದ ತಕ್ಷಣ ಮಕ್ಕಳು ಕೂರುತ್ತಿದ್ದರು, ನಿಜ. ಆದರೆ ಒಟ್ಟು ಲೆಕ್ಕ ಹಾಕಿದಾಗ ಎದ್ದು ನಿಲ್ಲೋದೇ ಜಾಸ್ತಿಯಾಗಿತ್ತು. ಕೂತು ಕೆಲಸ ಮಾಡುತ್ತಿದ್ದವರನ್ನು ಹೊಗಳಲು ಶುರುಮಾಡಿದಾಗ ಎದ್ದು ನಿಲ್ಲೋದು ಇಳಿಯಿತು.

ಇಲ್ಲಿ ಒಂದು ತಮಾಷೆ ಇದೆ. ಮಕ್ಕಳು ತಕ್ಷಣ ಕೂರುತ್ತಾರೆ ಅಂದೆನಲ್ಲ, ಆ ಎರಡು ನಿಮಿಷದ ಶಾಂತಿ ಇದೆಯಲ್ಲ, ಅದು ನಮಗೆ ಸಿಗುವ ಸಂಬಳ. ಕೂಗಿದೆ, ಸದ್ದು ನಿಂತಿತು, ಹಾಗಾಗಿ ನಾಳೆಯೂ ಕೂಗುತ್ತೇನೆ, ನಾಡಿದ್ದು ಇನ್ನೂ ಜೋರಾಗಿ. ಕೊನೆಗೆ ಸಂಜೆ ಗಂಟಲು ಹಿಡಿದುಕೊಂಡು ಉಪ್ಪುನೀರು ಮುಕ್ಕಳಿಸುತ್ತಾ ಈಗಿನ ಮಕ್ಕಳೇ ಸರಿಯಿಲ್ಲ ಅಂತ ಬೈಯುತ್ತೇವೆ. ನಾವು ತರಗತಿಯನ್ನು ತಿದ್ದುತ್ತಿದ್ದೇವೆ ಅಂದುಕೊಂಡಿರುತ್ತೇವೆ, ಅಷ್ಟರಲ್ಲಿ ತರಗತಿ ನಮ್ಮನ್ನು ತಿದ್ದಿ ಮುಗಿಸಿರುತ್ತದೆ. ನಾನೂ ಹೀಗೇ ಆರೇಳು ವರ್ಷ ಕೂಗಿದವನು. "ದಂಡಂ ದಶಗುಣಂ" ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದವನೂ ಹೌದು.

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಬರೆಯುವವರು ತಪ್ಪದೆ ಎಡವುವ ಜಾಗ ಋಣಾತ್ಮಕ ಪುನರ್ಬಲನ. ಅದು ಶಿಕ್ಷೆಯಲ್ಲ. ಬೇಡದ್ದೇನೋ ತಪ್ಪಿಹೋಗುತ್ತದೆ, ಹಾಗಾಗಿ ವರ್ತನೆ ಜಾಸ್ತಿಯಾಗುತ್ತದೆ, ಅದು ಋಣಾತ್ಮಕ ಪುನರ್ಬಲನ. ಪುಸ್ತಕದ ಉದಾಹರಣೆ ಬೇಡ, ನಮ್ಮದೇ ನೋಡಿ. ಭಾಗಾಕಾರ ಬಾರದ ಹುಡುಗ. ಬೋರ್ಡಿನ ಹತ್ತಿರ ಕರೆಯುತ್ತಾರೇನೋ ಅಂತ ಎದೆ ಡವಡವ. ಪಕ್ಕದವನನ್ನು ಚಿವುಟಿದ. "ನಡಿ ಆಚೆ" ಅಂತ ಮೇಷ್ಟ್ರು ಗುಡುಗಿದರು. ಅವನು ಜಗುಲಿಯಲ್ಲಿ ನಿಂತು ಗಾಳಿ ಕುಡಿಯುತ್ತಾ ಅಡುಗೆಯವರು ಸಾಂಬಾರಿಗೆ ಒಗ್ಗರಣೆ ಹಾಕೋದನ್ನು ನೋಡಿದ. ಭಾಗಾಕಾರ ತಪ್ಪಿತು. ಮೇಷ್ಟ್ರಿಗೂ ಕಾಟ ತಪ್ಪಿತು. ಇಬ್ಬರಿಗೂ ಲಾಭವಾದ ಮೇಲೆ ಈ ವ್ಯವಹಾರ ನಿಲ್ಲೋದು ಹೇಗೆ? ಅವನಿಗೆ ಬೇಕಾಗಿದ್ದು ಶಿಸ್ತಿನ ಪಾಠವಲ್ಲ, 12ನ್ನು 3ರಿಂದ ಭಾಗಿಸುವಷ್ಟು ಸುಲಭದ ಒಂದು ಲೆಕ್ಕ, ಮಾಡಿದ ತಕ್ಷಣ ಅದು ಸರಿ ಅನ್ನೋ ಒಂದು ಮಾತು.

ತಕ್ಷಣ ಅಂದೆ. ಇದಕ್ಕೊಂದು ಕಥೆಯಿದೆ. ಸ್ಕಿನ್ನರ್ 1953ರಲ್ಲಿ ಮಗಳ ನಾಲ್ಕನೇ ತರಗತಿಯ ಲೆಕ್ಕದ ಪಾಠ ನೋಡಲು ಹೋಗಿ ಹಿಂದೆ ಕೂತಿದ್ದರು. ಬೇಗ ಮುಗಿಸಿದ ಮಕ್ಕಳು ಸುಮ್ನೆ ಕೂತಿದ್ದಾರೆ, ಬಾರದವರು ಒದ್ದಾಡುತ್ತಿದ್ದಾರೆ, ತಾನು ಮಾಡಿದ್ದು ಸರಿಯಾ ತಪ್ಪಾ ಅಂತ ಮಾರನೇ ದಿನದವರೆಗೆ ಯಾರಿಗೂ ಗೊತ್ತಾಗಲ್ಲ. ಅದನ್ನು ನೋಡಿಯೇ ಅವರು, ಉತ್ತರ ಸರಿಯಾ ತಪ್ಪಾ ಅಂತ ಆಗಲೇ ತೋರಿಸುವ ಬೋಧನಾ ಯಂತ್ರದ ಕೆಲಸ ಹಿಡಿದಿದ್ದು. ನಮ್ಮಲ್ಲಿ ಮಾರನೇ ದಿನ ಅಂದರೆ ಭಾಗ್ಯ! ವಾರ ಕಳೆದು, ಸೈನ್ ಹಾಕಿ ಬರುವ ನೋಟ್‌ಬುಕ್ಕಿನ ಕೆಂಪು ಗೀಟು ಯಾವ ಮಗುವಿಗೂ ಏನನ್ನೂ ಹೇಳಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಮಕ್ಕಳು ಕಾರ್ಡ್ ಹಿಡಿದು ಚಟುವಟಿಕೆ ಮಾಡುತ್ತಾ ಕಲಿಯುವ ನಲಿಕಲಿ ಪದ್ಧತಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಏಣಿಯ ಮೆಟ್ಟಿಲು ಚಿಕ್ಕದು, ಕಾರ್ಡ್ ಮುಗಿದರೆ ಮುಂದಿನ ಮೆಟ್ಟಿಲು, ತಾನು ಎಲ್ಲಿದ್ದೇನೆ ಅಂತ ಮಗುವಿಗೇ ಕಾಣುತ್ತದೆ. (ಕಾರ್ಡ್ ಹರಿದುಹೋಗಿ ಮೂರು ವರ್ಷವಾದರೂ ಬದಲಾಯಿಸದ ಶಾಲೆಗಳ ವಿಷಯ ಬೇರೆ, ಅದನ್ನು ಇನ್ನೊಂದು ದಿನ ಜಗಳವಾಡೋಣ.)

ಚಿಕ್ಕ ಮೆಟ್ಟಿಲು ಅನ್ನೋದು ವರ್ತನೆಗೂ ಸರಿ. ಹೋಂವರ್ಕ್ ಅಂದರೇ ಗೊತ್ತಿಲ್ಲದ ಹುಡುಗನೊಬ್ಬ ನನ್ನ ಆರನೇ ತರಗತಿಯಲ್ಲಿದ್ದ. ಪೂರ್ತಿ ಬರೆದು ತಂದ ದಿನ ಹೊಗಳುತ್ತೇನೆ ಅಂತ ಕಾದಿದ್ದರೆ ನಾನು ರಿಟೈರ್ ಆಗುತ್ತಿದ್ದೆ. ಮೊದಲ ವಾರ ನೋಟ್‌ಬುಕ್ ಬ್ಯಾಗಿನಲ್ಲಿದ್ದರೆ ಸಾಕು, "ಪರವಾಗಿಲ್ಲ ಕಣೋ, ತಂದಿದ್ದೀಯ" ಅಂದೆ. ಆಮೇಲೆ ತಾರೀಕು ಹಾಕಿದ್ದಕ್ಕೆ. ಆಮೇಲೆ ಎರಡು ಸಾಲಿಗೆ. ಎರಡು ಸಾಲು ಬಂದ ಮೇಲೆ ಬರೀ ನೋಟ್‌ಬುಕ್ ತಂದಿದ್ದಕ್ಕೆ ಹೊಗಳಿಕೆ ನಿಲ್ಲಿಸಿದೆ. ದೀಪಾವಳಿ ಕಳೆದು ಡಿಸೆಂಬರ್ ಹೊತ್ತಿಗೆ ಅರ್ಧ ಪುಟ ಬರೆಯುತ್ತಿದ್ದ. ಪೂರ್ತಿ ಪುಟ ಆ ವರ್ಷ ಆಗಲೇ ಇಲ್ಲ.

ಹೊಗಳೋದರಲ್ಲೂ ನಾವು ಸೋಮಾರಿಗಳು. "ವೆರಿ ಗುಡ್, ಎಲ್ಲಾ ಚಪ್ಪಾಳೆ ತಟ್ಟಿ" ಅಂದುಬಿಟ್ಟರೆ ಆಯಿತು. ಯಾವುದಕ್ಕೆ ವೆರಿ ಗುಡ್? "ಕೈ ಎತ್ತಿ, ನಿನ್ನ ಸರದಿ ಬರೋವರೆಗೂ ಕಾದೆ ನೋಡು, ಅದು ಚೆನ್ನಾಗಿತ್ತು" ಅಂದರೆ ಮಗುವಿಗೆ ನಾಳೆ ಏನು ಮಾಡಬೇಕು ಅಂತ ತಿಳಿಯುತ್ತದೆ. ಒಂದನೇ ಕ್ಲಾಸಿನ ಮಗು ಚಪ್ಪಾಳೆಗೆ ಅರಳುತ್ತದೆ, ನಿಜ. ಎಂಟನೇ ಕ್ಲಾಸಿನ ಹುಡುಗನನ್ನು ಎಲ್ಲರೆದುರು ನಿಲ್ಲಿಸಿ ಚಪ್ಪಾಳೆ ಹೊಡೆಸಿ ನೋಡಿ, ಹಿಂದಿನ ಬೆಂಚಿನವರು ಒಂದು ವಾರ ಅವನ ಜೀವ ತಿನ್ನುತ್ತಾರೆ. ನಾನು ಹೀಗೆ ಒಬ್ಬನನ್ನು ಹೊಗಳಿ ಹಾಳುಮಾಡಿದ್ದೇನೆ. ಆ ವರ್ಷ ಅವನು ಮತ್ತೆ ಉತ್ತರ ಹೇಳಲಿಲ್ಲ. ಅಂಥವರಿಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದರೆ, ಕಾರಿಡಾರಿನಲ್ಲಿ ಹೋಗುವಾಗ ಮೆಲ್ಲಗೆ ಒಂದು ಮಾತು ಹೇಳಿದರೆ ಸಾಕು.

ಇನ್ನು ಮಾನಿಟರ್ ಬೋರ್ಡ್ ಮೇಲೆ ಗಲಾಟೆ ಮಾಡಿದವರ ಹೆಸರು ಬರೆಯೋದು. ದಯವಿಟ್ಟು ನಿಲ್ಲಿಸಿ. ಹೆಸರಿನ ಮುಂದೆ ಪ್ಲಸ್ ಮೇಲೆ ಪ್ಲಸ್ ಬೀಳುತ್ತಿದ್ದರೆ ಕೆಲವರಿಗೆ ಅದು ಸ್ಕೋರ್‌ಬೋರ್ಡ್.

"ಹಾಗಾದರೆ ಗಲಾಟೆ ಮಾಡುವವನನ್ನು ಸುಮ್ನೆ ನೋಡ್ತಾ ಕೂತಿರಬೇಕಾ ಸಾರ್?" ತರಬೇತಿಗೆ ಬಂದವರಲ್ಲಿ ಒಬ್ಬರಾದರೂ ಕೇಳೇ ಕೇಳುತ್ತಾರೆ. ಗಮನ ಸೆಳೆಯಲು ಮಾಡುವ ಚಿಲ್ಲರೆ ಚೇಷ್ಟೆಯನ್ನು ನೋಡದ ಹಾಗೆ ಇರಬಹುದು. ಕೈ ಎತ್ತದೆ "ಸಾರ್ ಸಾರ್" ಅಂತ ಕೂಗೋದು, ಪೆನ್ಸಿಲ್ ಕುಟ್ಟೋದು, ಇಂಥವು. ಹೊಡೆದಾಟ, ಬೇರೆ ಮಗುವನ್ನು ಜಾತಿ ಹಿಡಿದು ಅಥವಾ ಮೈಬಣ್ಣ ಹಿಡಿದು ಆಡಿಕೊಳ್ಳೋದು, ಇವನ್ನು ಅಲ್ಲೇ, ಆಗಲೇ ತಡೆಯಬೇಕು, ಮಾತು ಬೇಡ. ನೋಡದ ಹಾಗೆ ಇರಲು ಹೊರಟವರಿಗೆ ಒಂದು ಎಚ್ಚರಿಕೆ. ಮೊದಲ ಕೆಲವು ದಿನ ಗಲಾಟೆ ಜಾಸ್ತಿಯಾಗುತ್ತದೆ. ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ನಾವು ಕೆಳಗಿಡುತ್ತೇವಾ? ಇಲ್ಲ, ಇನ್ನೂ ಗಟ್ಟಿಯಾಗಿ ಒತ್ತುತ್ತೇವೆ, ಅಂಗೈಗೆ ಕುಟ್ಟುತ್ತೇವೆ. ಮಗುವೂ ಅಷ್ಟೆ. ನಾಲ್ಕು ದಿನ ತಡೆದುಕೊಂಡು ಐದನೇ ದಿನ "ಏನೋ ನಿಂದು!" ಅಂತ ತಿರುಗಿದಿರೋ, ಇಷ್ಟು ಜೋರಾಗಿ ಕೂಗಿದರೆ ಸಿಗುತ್ತದೆ ಅಂತ ಕಲಿಸಿದ ಹಾಗಾಯಿತು. ಅಪರೂಪಕ್ಕೊಮ್ಮೆ ಸಿಗುವ ಕಾಳಿಗಾಗಿಯೇ ಇಲಿ ಜಾಸ್ತಿ ಹೊತ್ತು ಸನ್ನೆಕೋಲು ಒತ್ತೋದು. ಪೂರ್ತಿ ತಡೆದುಕೊಳ್ಳಲು ಆಗಲ್ಲ ಅನ್ನಿಸಿದರೆ ಆ ದಾರಿಗೆ ಹೋಗದೇ ಇರೋದೇ ಮೇಲು. ಪಕ್ಕದಲ್ಲಿ ಕೈ ಎತ್ತಿದವಳಿಗೆ ಮೊದಲು ಕೇಳಿ, ಕೂಗುವವನು ಅರೆಗಳಿಗೆ ಕೈ ಎತ್ತಿದರೂ ಸರಿ, ಬಿಡದೆ ಹಿಡಿದು ಅವನಿಗೆ ಕೇಳಿ.

ಚಾಕೊಲೇಟ್, ಪೆನ್ಸಿಲ್, ಸ್ಟಾರ್ ಬಗ್ಗೆ ನಾನು ಸ್ವಲ್ಪ ಜಿಪುಣ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸಲು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಚಿತ್ರ ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂದರು. ಕೊಟ್ಟರು ಕೂಡ. ಆಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು. ಮೊದಲೇ ಹೇಳದೆ ಪತ್ರ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಮಗು ತಾನಾಗೇ ಕಥೆ ಪುಸ್ತಕ ಓದುತ್ತಿದ್ದರೆ ನಡುವೆ ಚಾಕೊಲೇಟ್ ತರಬೇಡಿ. ಓದಲು ಕೂರದವನಿಗೆ ಶುರುಮಾಡಿಸಲು ಬೇಕಿದ್ದರೆ ತನ್ನಿ, ಬೇಗ ಆ ಅಭ್ಯಾಸ ಬಿಡಿಸಿ. ಊಟ, ಮೊಟ್ಟೆ, ಆಟದ ಪೀರಿಯಡ್ ಮಾತ್ರ ಈ ಲೆಕ್ಕಕ್ಕೆ ಬರಲೇಬಾರದು. ಅವು ಮಗುವಿನ ಹಕ್ಕು, ನಮ್ಮ ಕೈಯ ಸಂಬಳವಲ್ಲ.

ಇದ್ಯಾವುದೂ ಕೆಲಸ ಮಾಡದ ಮಕ್ಕಳೂ ಇರುತ್ತಾರೆ. ಸದಾ ಎದ್ದು ಮುಂದೆ ಬರುತ್ತಿದ್ದ ಹುಡುಗಿಯೊಬ್ಬಳ ಮೇಲೆ ಎರಡು ತಿಂಗಳು ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದ್ದೆ. ಕಣ್ಣಿನ ತಪಾಸಣೆಗೆ ಬಂದವರು ಐದು ನಿಮಿಷದಲ್ಲಿ ಕಾರಣ ಹೇಳಿದರು. ಅವಳಿಗೆ ಬೋರ್ಡೇ ಕಾಣುತ್ತಿರಲಿಲ್ಲ.

ಆ ಐದನೇ ತರಗತಿಯ ಟೀಚರ್‌ಗೆ ನನ್ನ ಗೀಟುಗಳನ್ನು ತೋರಿಸಿದಾಗ ಅವರ ಮುಖ ಸಣ್ಣದಾಯಿತು. ಆಮೇಲೆ ಇಬ್ಬರೂ ಕೂತು ಒಂದು ಉಪಾಯ ಮಾಡಿದೆವು. 10 ಹುಣಸೆ ಬೀಜ. ಜೇಬಿನಲ್ಲಿ ಇಟ್ಟುಕೊಳ್ಳಿ ಅಂದೆ, ಸೀರೆಗೆ ಎಲ್ಲಿಯ ಜೇಬು ಸಾರ್ ಅಂದರು. ಸರಿ, ಮೇಜಿನ ಮೇಲೆ ಎರಡು ಸೀಮೆಸುಣ್ಣದ ಡಬ್ಬ. ಒಳ್ಳೆಯದು ಮಾಡುತ್ತಿರುವ ಮಗುವನ್ನು ಹಿಡಿದು, ಹೆಸರು ಕರೆದು, ಏನು ಒಳ್ಳೆಯದು ಅಂತ ಹೇಳಿದಾಗಲೆಲ್ಲ ಒಂದು ಬೀಜ ಈ ಡಬ್ಬದಿಂದ ಆ ಡಬ್ಬಕ್ಕೆ. ಮೊದಲ ದಿನ ಸಂಜೆ ಫೋನ್ ಮಾಡಿ, ಮೂರೇ ಬೀಜ ದಾಟಿದ್ದು ಸಾರ್ ಅಂದರು. ವಾರದ ಮೇಲೆ ನಾನು ಹೋದಾಗ ಆರು ದಾಟಿದ್ದವು. ಕಿಟಕಿ ಪಕ್ಕದ ಹುಡುಗಿಯ ಹೆಸರು ಎರಡು ಸಲ ಕೇಳಿಸಿತು. 11 ಸಲದ ಹುಡುಗ ಈಗ ಮುಂದಿನ ಬೆಂಚಿನಲ್ಲಿದ್ದ, ಡಬ್ಬಗಳನ್ನೇ ನೋಡುತ್ತಿದ್ದ. ಕೈ ಎತ್ತಿದ. ಟೀಚರ್ ಓಡಿಹೋಗಿ ಅವನನ್ನು ಮಾತಾಡಿಸಿದರು.

"ಮಿಸ್, ಆ ಬೀಜ ಚೌಕಾಬಾರ ಆಡಕ್ಕಾ?" ಅಂದ.

ಏಳನೆಯದು ದಾಟಿತು.