ಕಿವಿಯ ನವೆಗೆ ಹಳೆಯ ಬಾಟಲಿ ಬೇಡ

ಕಿವಿಯೊಳಗೆ ತಡೆಯಲಾಗದ ನವೆ ಎಂದು ಬರುವವರಲ್ಲಿ ಅನೇಕರು ಅಷ್ಟರಲ್ಲಾಗಲೇ ಏನಾದರೊಂದು ಹನಿ ಔಷಧ ಹಾಕಿಕೊಂಡಿರುತ್ತಾರೆ. ಹಿಂದೆಂದೋ ಕಿವಿ ಸೋರಿದಾಗ ತಂದಿದ್ದ ಆ್ಯಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಮಿಶ್ರಣ ಅದು. ಸ್ಟೀರಾಯ್ಡ್‌ನಿಂದಾಗಿ ಮೊದಲೆರಡು ದಿನ ಹಾಯೆನಿಸುತ್ತದೆ. ಆಮೇಲೆ ನವೆ ಮರುಕಳಿಸುತ್ತದೆ, ಕಿವಿ ಕಟ್ಟಿಕೊಳ್ಳುತ್ತದೆ, ಕೆಲವೊಮ್ಮೆ ಸೋರಿಕೆ, ನೋವು, ಗುಂಯ್‌ಗುಡುವ ಸದ್ದೂ ಸೇರಿಕೊಳ್ಳುತ್ತವೆ.

ಒಳಗೆ ನೋಡಿದರೆ ನೆನೆದ ಕಾಗದದಂತಹ ಬೂದು ಪದರ, ಮೇಲೆಲ್ಲ ಕರಿ ಚುಕ್ಕಿಗಳು. ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರದ ಗುರುತು ಅದು. ಬಿಳಿಯಾಗಿ ಕೆನೆಗಟ್ಟಿದಂತಿದ್ದರೆ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರ ಇರಬಹುದು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಹನಿ ಇವೆರಡನ್ನೂ ಮುಟ್ಟುವುದಿಲ್ಲ. ಕಿವಿಯಲ್ಲಿ ಸಹಜವಾಗಿ ನೆಲೆಸಿ ಶಿಲೀಂಧ್ರಕ್ಕೆ ಪೈಪೋಟಿ ಕೊಡುತ್ತಿದ್ದ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನು ಕುಗ್ಗಿಸುತ್ತದೆ. ಶಿಲೀಂಧ್ರಕ್ಕೆ ಇನ್ನೇನು ಬೇಕು?

ಹೊರಗಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ್ದು, ಕಿವಿಯ ತಮಟೆಯ ಬಳಿ ಕೊನೆಗೊಳ್ಳುತ್ತದೆ. ಬೆಚ್ಚಗಿನ, ಕತ್ತಲ ಜಾಗ. ಅಲ್ಲಿ ತೇವ ನಿಂತರೆ ಬೂಷ್ಟು ಹಿಡಿಯುವುದು ಸುಲಭ. ಇದನ್ನು ತಡೆಯುವುದೇ ಗುಗ್ಗೆಯ ಕೆಲಸ. ಅದು ನೀರನ್ನು ಹೀರದು, ಆಮ್ಲೀಯ ಗುಣದಿಂದ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ. ನಾವು ಅದನ್ನೇ ಕೊಳೆಯೆಂದು ಹತ್ತಿಕಡ್ಡಿಯಿಂದ ಕೆರೆದು ತೆಗೆಯುತ್ತೇವೆ, ಚರ್ಮವೂ ತರಚುತ್ತದೆ. ಈಜುವವರು, ಶ್ರವಣ ಸಾಧನ ಧರಿಸುವವರು, ಮಧುಮೇಹಿಗಳು, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅಪಾಯ ಹೆಚ್ಚು.

ಚಿಕಿತ್ಸೆಯ ಅರ್ಧ ಭಾಗ ಶುಚಿಗೊಳಿಸುವುದು. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಸಣ್ಣ ಹೀರುನಳಿಕೆಯಿಂದ ಆ ಪದರವನ್ನು ತೆಗೆಯುತ್ತೇವೆ. ಬೂಷ್ಟಿನ ರಾಶಿಯ ಮೇಲೆ ಎಷ್ಟೇ ಔಷಧ ಸುರಿದರೂ ಕೆಳಗಿನ ಚರ್ಮಕ್ಕೆ ತಲುಪದು. ಒಂದೇ ಸಲಕ್ಕೆ ಮುಗಿಯುವುದೂ ಅಪರೂಪ, ಮತ್ತೆ ಬರಬೇಕಾಗುತ್ತದೆ ಎಂದರೆ ಬೇಸರಿಸಬೇಡಿ. ಬಳಿಕ ಕ್ಲೋಟ್ರಿಮಜೋಲ್‌ನಂತಹ ಶಿಲೀಂಧ್ರನಾಶಕ ಹನಿ. ನವೆ ನಿಂತ ಮಾತ್ರಕ್ಕೆ ಅದನ್ನು ನಿಲ್ಲಿಸಬಾರದು. ಲಕ್ಷಣಗಳು ಹೋದ ಮೇಲೂ ಸುಮಾರು ಎರಡು ವಾರ ಮುಂದುವರಿಸುವುದು ರೂಢಿ. ಮಾತ್ರೆ ಬೇಕಾಗುವುದು ವಿರಳ. ಪೂರ್ತಿ ಗುಣವಾಗುವವರೆಗೆ ಈಜು ಬೇಡ. ಸ್ನಾನದ ವೇಳೆ ವ್ಯಾಸಲೀನ್ ಸವರಿದ ಹತ್ತಿಯುಂಡೆಯನ್ನು ಕಿವಿಯ ಬಾಯಿಗೆ ಇಟ್ಟರೆ ಸಾಕು, ಒಳಕ್ಕೆ ತುರುಕಬೇಡಿ.

ತಮಟೆಯಲ್ಲಿ ತೂತಿದ್ದರೆ ಮಾತು ಬೇರೆ. ಆಮ್ಲೀಯ ಅಥವಾ ಆಲ್ಕೋಹಾಲ್ ಇರುವ ಹನಿಗಳು ಮಧ್ಯಕಿವಿಗೆ ಇಳಿದು ಉರಿ ತರಿಸುತ್ತವೆ, ಕೆಲವು ಔಷಧಗಳು ಒಳಗಿವಿಗೂ ಹಾನಿ ಮಾಡಬಲ್ಲವು. ಶಿಲೀಂಧ್ರವೇ ತಮಟೆಯನ್ನು ತೂತು ಮಾಡುವುದೂ ಉಂಟು. ಹಾಗಾಗಿ ಕಿವಿಯನ್ನು ತೋರಿಸದೆ ಅಂಗಡಿಯಿಂದ ಹನಿ ತಂದು ಹಾಕಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಮಧುಮೇಹ ಇರುವವರಿಗೆ ರಾತ್ರಿ ನಿದ್ದೆಗೆಡಿಸುವಷ್ಟು ಕಿವಿನೋವು ಬಂದರೆ, ಮುಖದ ಒಂದು ಪಕ್ಕ ಸೊಟ್ಟಗಾದರೆ, ಸೋಂಕು ಮೂಳೆಗೆ ಇಳಿದಿರಬಹುದು. ಅಂಥವರು ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.